ಮೇಲಿನ ಮಹಡಿಯ ಕೂಗು

ಈ ಸಿನಿಮಾವನ್ನು ನಾನು ಬೇರೆ ಬೇರೆಯವರ ಜೊತೆ ಕೂತು ನಾಲ್ಕೈದು ಸಲ ನೋಡಿದ್ದೇನೆ. ಪ್ರತಿ ಸಲವೂ ದೀಪ ಹತ್ತಿದ ಕೂಡಲೇ ಜಗಳ ಶುರುವಾಗಿದೆ. ಒಬ್ಬರು, "ಅಂಥ ತಾಯಿಗೆ ಅಷ್ಟಾದರೂ ಆಗಬೇಕಿತ್ತು" ಅನ್ನುತ್ತಾರೆ. ಪಕ್ಕದಲ್ಲೇ ಇನ್ನೊಬ್ಬರು, "ಕೆಲಸಕ್ಕೆ ಹೋದ ಹೆಂಗಸನ್ನು ಹೀಗೆ ಕಟಕಟೆಗೆ ನಿಲ್ಲಿಸೋದು ಯಾವ ನ್ಯಾಯ?" ಅಂತ ಎದ್ದೇ ಬಿಡುತ್ತಾರೆ. ಒಮ್ಮೆ ಒಬ್ಬ ತಾಯಿ ಮತ್ತು ಮಗಳು ಒಟ್ಟಿಗೆ ಬಂದಿದ್ದರು. ಮುಗಿದ ಮೇಲೆ ಇಬ್ಬರೂ ಒಂದೂ ಮಾತಾಡದೆ ಬೇರೆ ಬೇರೆ ಬಾಗಿಲಿಂದ ಹೊರಗೆ ಹೋದರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಸಿನಿಮಾದ ಹೆಸರು ಆಟಮ್ ಸೊನಾಟಾ. ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ಮಾಡಿದ್ದು, 1978ರಲ್ಲಿ ತೆರೆಗೆ ಬಂತು. ನಿಮ್ಮಲ್ಲಿ ಹೆಚ್ಚಿನವರು ನೋಡಿದ್ದೀರಿ. ನೋಡದವರಿಗಾಗಿ ಕಥೆಯನ್ನು ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಶಾರ್ಲೋಟ್ ದೊಡ್ಡ ಹೆಸರಿನ ಪಿಯಾನೊ ಕಲಾವಿದೆ. ಊರೂರು ಸುತ್ತಿ ಕಛೇರಿ ಕೊಟ್ಟವಳು. ಮಗಳು ಇವಾ ನಾರ್ವೆಯ ಒಂದು ಹಳ್ಳಿಯಲ್ಲಿ ಪಾದ್ರಿಯ ಹೆಂಡತಿ. ಇಬ್ಬರೂ ಮುಖ ನೋಡಿ 7 ವರ್ಷ ಆಗಿದೆ. ಶಾರ್ಲೋಟಳ ಸಂಗಾತಿ ಲಿಯೊನಾರ್ಡೊ ತೀರಿಕೊಂಡ ಸುದ್ದಿ ಕೇಳಿ ಇವಾ ಪತ್ರ ಬರೆಯುತ್ತಾಳೆ, ಬಾ, ನಮ್ಮ ಜೊತೆ ಸ್ವಲ್ಪ ದಿನ ಇರು ಅಂತ. ತಾಯಿ ಬರುತ್ತಾಳೆ. ಒಂದು ಸಂಜೆ, ಒಂದು ರಾತ್ರಿ. ಬೆಳಗಾದಾಗ ಇನ್ನು ಒಟ್ಟಿಗೆ ಇರೋದಕ್ಕೆ ಆಗೋದಿಲ್ಲ ಅನ್ನೋ ಸ್ಥಿತಿ. ಅಷ್ಟೇ.

ಈ ಕಥೆ ಹುಟ್ಟಿದ ಹೊತ್ತು ಗೊತ್ತಿದ್ದರೆ ಒಳ್ಳೆಯದು. 1976ರ ಜನವರಿ 30ರಂದು ಬರ್ಗ್‌ಮನ್ ಸ್ಟಾಕ್‌ಹೋಮ್‌ನ ರಂಗಮಂದಿರದಲ್ಲಿ ನಾಟಕದ ತಾಲೀಮು ನಡೆಸುತ್ತಿದ್ದರು. ಪೊಲೀಸರು ಅಲ್ಲಿಗೇ ಬಂದು ಕರೆದುಕೊಂಡು ಹೋದರು. ತೆರಿಗೆ ವಂಚನೆ ಆರೋಪ. ಮನುಷ್ಯ ಕುಸಿದು ಹೋದರು, ಆಸ್ಪತ್ರೆ ಸೇರಿದರು. ಮಾರ್ಚ್‌ನಲ್ಲಿ ಆರೋಪ ಬಿದ್ದುಹೋಯಿತು. ಅದೇ ದಿನಗಳಲ್ಲಿ ಈ ಕಥೆಯ ಎಳೆಯನ್ನು ಗೀಚಿಕೊಂಡರು. ಆಮೇಲೆ ದೇಶವನ್ನೇ ಬಿಟ್ಟು ಮ್ಯೂನಿಕ್‌ಗೆ ಹೋದರು. ಹಾಗಾಗಿ ಸ್ವೀಡಿಷ್ ಮಾತಾಡುವ ಈ ಸಿನಿಮಾ ಸ್ವೀಡನ್ನಿನಲ್ಲಿ ಚಿತ್ರೀಕರಣ ಆಗಲಿಲ್ಲ. 1977ರ ಶರತ್ಕಾಲದಲ್ಲಿ ನಾರ್ವೆಯ ಓಸ್ಲೋ ಹತ್ತಿರದ ಸ್ಟುಡಿಯೋದಲ್ಲಿ ಆಯಿತು. ಮನೆ ಬಿಟ್ಟು ಬಂದ ಮನುಷ್ಯ ಮನೆಯೊಳಗಿನ ಕಥೆ ಹೇಳಲು ಕೂತಿದ್ದರು.

ಅವರ ಮನಸ್ಸಿನಲ್ಲಿ ಮೊದಲು ಇದ್ದದ್ದು ತುಂಬ ಸರಳ. ಎರಡು ಮುಖ, ಮೂರು ಬೆಳಕು. ಸಂಜೆಯ ಬೆಳಕು, ರಾತ್ರಿಯ ಬೆಳಕು, ಬೆಳಗಿನ ಬೆಳಕು. ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್ ಅದನ್ನು ಹಣ್ಣೆಲೆಯ ಬಣ್ಣದಲ್ಲಿ ಕಟ್ಟಿಕೊಟ್ಟರು, ಕಂದು, ಕೆಂಪು, ಮಾಸಿದ ಹಳದಿ. ಬರ್ಗ್‌ಮನ್ ಟಿಪ್ಪಣಿಯಲ್ಲಿ ಇನ್ನೊಂದು ಮಾತು ಇತ್ತು. ಕೊನೆಗೆ ಮಗಳು ತಾಯಿಯನ್ನು ಹೆರುತ್ತಾಳೆ ಅಂತ. ಈ ಮಾತನ್ನು ಸ್ವಲ್ಪ ಇಟ್ಟುಕೊಂಡಿರಿ. ಮುಂದೆ ಬೇಕಾಗುತ್ತದೆ.

ತಾಯಿಯ ಪಾತ್ರಕ್ಕೆ ಬಂದವರು ಇಂಗ್ರಿಡ್ ಬರ್ಗ್‌ಮನ್. ಹೆಸರು ಒಂದೇ ಆದರೂ ಇಬ್ಬರಿಗೂ ನೆಂಟಸ್ತಿಕೆ ಇಲ್ಲ. ಒಟ್ಟಿಗೆ ಒಂದು ಸಿನಿಮಾ ಮಾಡಬೇಕು ಅಂತ ವರ್ಷಗಟ್ಟಲೆ ಮಾತಾಗಿತ್ತು. 1973ರಲ್ಲಿ ಇಂಗ್ರಿಡ್ ಕಾನ್ ಚಿತ್ರೋತ್ಸವದ ತೀರ್ಪುಗಾರರ ಅಧ್ಯಕ್ಷೆ. ಇಂಗ್ಮಾರ್ ಹಿಂದೆ ತನಗೆ ಬರೆದಿದ್ದ ಕಾಗದವನ್ನು ಇಂಗ್ರಿಡ್, ಅಲ್ಲಿಗೆ ಬಂದಿದ್ದ ಅವರ ಜೇಬಿಗೇ ಹಾಕಿದರು. ಕೊಟ್ಟ ಮಾತು ನೆನಪಿರಲಿ ಅಂತ.

ಈಗ ಇಂಗ್ರಿಡ್ ಬದುಕನ್ನು ಒಮ್ಮೆ ನೋಡಿ. 1949ರಲ್ಲಿ ಹಾಲಿವುಡ್‌ನ ದೊಡ್ಡ ತಾರೆ. ಗಂಡನನ್ನೂ 10 ವರ್ಷದ ಮಗಳನ್ನೂ ಅಮೆರಿಕದಲ್ಲಿ ಬಿಟ್ಟು ಇಟಲಿಗೆ ಹೋದರು, ನಿರ್ದೇಶಕ ರೊಬೆರ್ಟೊ ರೊಸೆಲ್ಲಿನಿ ಹತ್ತಿರ. ಊರೆಲ್ಲ ಉಗಿಯಿತು. 1950ರ ಮಾರ್ಚ್‌ನಲ್ಲಿ ಅಮೆರಿಕದ ಸೆನೆಟ್‌ನಲ್ಲೇ ಒಬ್ಬ ಸದಸ್ಯರು ಎದ್ದು ನಿಂತು ಆಕೆಯನ್ನು ಬೈದರು. ಒಬ್ಬ ನಟಿಯ ಸಂಸಾರದ ವಿಚಾರ ಒಂದು ದೇಶದ ಸಂಸತ್ತಿನಲ್ಲಿ! ಆಮೇಲೆ ವರ್ಷಗಟ್ಟಲೆ ಆಕೆ ಮಗಳಿಂದ ದೂರವೇ ಇರಬೇಕಾಯಿತು. ಅಂಥ ಹೆಂಗಸಿನ ಕೈಗೆ, 62ನೇ ವಯಸ್ಸಿನಲ್ಲಿ, ಮಗಳನ್ನು ಬಿಟ್ಟುಹೋದ ಕಲಾವಿದೆಯ ಪಾತ್ರ ಬಂತು. ಆಗಲೇ ಕ್ಯಾನ್ಸರ್‌ಗೆ ಒಂದು ಆಪರೇಷನ್ ಆಗಿತ್ತು. ಇದೇ ಆಕೆ ಚಿತ್ರಮಂದಿರಕ್ಕಾಗಿ ಮಾಡಿದ ಕೊನೆಯ ಸಿನಿಮಾ. 1982ರಲ್ಲಿ, ತಮ್ಮ ಹುಟ್ಟುಹಬ್ಬದ ದಿನವೇ, ತೀರಿಕೊಂಡರು.

ಪಾತ್ರ ಓದಿದ ಇಂಗ್ರಿಡ್ ತಕರಾರು ತೆಗೆದರು. ಯಾವ ತಾಯಿ 7 ವರ್ಷ ಮಗಳನ್ನು ನೋಡದೆ ಇರುತ್ತಾಳೆ, ಇದು ಸಾಧ್ಯವೇ ಇಲ್ಲ ಅಂತ. ಈ ಮಾತು ಆಕೆಯ ಬಾಯಿಂದ ಬಂತು ಅನ್ನೋದನ್ನು ಯೋಚನೆ ಮಾಡಿ. ಅದು ಆಕೆಯೊಳಗೆ ಎಲ್ಲಿ ತಾಗಿರಬೇಕು!

ಮಗಳ ಪಾತ್ರ ಮಾಡಿದ ಲಿವ್ ಉಲ್ಮನ್ ಇನ್ನೊಂದು ಪ್ರಸಂಗವನ್ನು ಎಷ್ಟೋ ಕಡೆ ಹೇಳಿದ್ದಾರೆ. ರಾತ್ರಿಯ ದೃಶ್ಯ. ಮಗಳು ತಾಯಿಯ ಮೇಲೆ ಹೊತ್ತುಗಟ್ಟಲೆ ಆರೋಪ ಸುರಿಯುತ್ತಾಳೆ. ಕೊನೆಗೆ ತಾಯಿ, ನನ್ನನ್ನು ಹಿಡಿದುಕೋ, ಅಪ್ಪಿಕೋ ಅಂತ ಬೇಡಿಕೊಳ್ಳಬೇಕು. ಇಂಗ್ರಿಡ್, ನಾನು ಇದನ್ನು ಹೇಳೋದಿಲ್ಲ ಅಂದರಂತೆ. ಇವಳ ಕೆನ್ನೆಗೆ ಬಾರಿಸಿ ಎದ್ದು ಹೋಗಬೇಕು ಅನ್ನಿಸ್ತಿದೆ ಅಂದರಂತೆ. ನಿರ್ದೇಶಕರಿಗೆ ಸಿಟ್ಟು ಬಂತು. ಇಬ್ಬರೂ ಹೊರಗೆ ಹೋಗಿ ಜೋರು ಜಗಳ ಆಡಿದರು. ವಾಪಸ್ ಬಂದು ಇಂಗ್ರಿಡ್ ಆ ಮಾತು ಹೇಳಿದರು. ಆದರೆ ಮುಖ ನೋಡಿ. ಬಾಯಿ ಬೇಡುತ್ತಿದೆ, ಮುಖ ಬೇಡುತ್ತಿಲ್ಲ. ಯಾವಾಗಲೂ ತಾನೇ ಕ್ಷಮೆ ಕೇಳಬೇಕಾಗಿ ಬಂದ ಹೆಂಗಸಿನ ಸಿಟ್ಟು ಅಲ್ಲಿ ಹಾಗೇ ಕೂತಿದೆ. ನಿರ್ದೇಶಕರು ಗೆದ್ದರು, ಆದರೆ ನಟಿ ಸೋಲಲಿಲ್ಲ. ಈ ಸಿನಿಮಾ ಒಬ್ಬರ ದನಿಯ ಸಿನಿಮಾ ಆಗದೆ ಉಳಿದದ್ದು ಇಂಗ್ರಿಡ್ ಹಾಕಿದ ಈ ಜಗಳದಿಂದ ಅಂತ ನಾನು ನಂಬಿದ್ದೇನೆ.

ಈಗ ನಾನು ತುಂಬ ಪ್ರೀತಿಸುವ ದೃಶ್ಯಕ್ಕೆ ಬರುತ್ತೇನೆ. ಊಟ ಆಗಿದೆ. ಇವಾ ಪಿಯಾನೊ ಮುಂದೆ ಕೂತಿದ್ದಾಳೆ. ತಾಯಿ, ಏನಾದರೂ ನುಡಿಸು ಅಂತ ಕೇಳಿದ್ದಾಳೆ. ಇವಾ ಆರಿಸಿಕೊಳ್ಳೋದು ಪೋಲೆಂಡಿನ ಸಂಗೀತಕಾರ ಷೋಪ್ಯಾನ್‌ನ ಎರಡನೇ ಪ್ರಿಲ್ಯೂಡ್. 1839ರಲ್ಲಿ ಅಚ್ಚಾದ ಸಣ್ಣ ಪಿಯಾನೊ ರಚನೆ, ಎರಡು ನಿಮಿಷದ್ದು. ಕೇಳಿದರೆ ಸುಲಭ ಅನ್ನಿಸಬಹುದು. ಆದರೆ ಎಡಗೈಯಲ್ಲಿ ಒಂದಕ್ಕೊಂದು ಹೊಂದದ ಸ್ವರಗಳು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತವೆ. ಬಲಗೈಯಲ್ಲಿ ಒಂದು ರಾಗ, ಅದು ಶುರುವಾಗಿ ನಿಲ್ಲುತ್ತದೆ, ಮತ್ತೆ ಶುರುವಾಗಿ ನಿಲ್ಲುತ್ತದೆ.

ಇವಾ ನುಡಿಸುತ್ತಾಳೆ. ಅಲ್ಲಲ್ಲಿ ತಡವರಿಸುತ್ತಾಳೆ. ಕ್ಯಾಮೆರಾ ಎಲ್ಲಿದೆ ಗೊತ್ತಾ? ತಾಯಿಯ ಮುಖದ ಮೇಲೆ. ಇಂಗ್ರಿಡ್ ಒಂದು ಮಾತೂ ಆಡೋದಿಲ್ಲ. ಮೊದಲು ಮುಖದಲ್ಲಿ ಸ್ವಲ್ಪ ಪ್ರೀತಿ. ನನ್ನ ಮಗಳು ಕೂತು ನುಡಿಸ್ತಿದ್ದಾಳೆ ಅನ್ನೋ ಪ್ರೀತಿ. ಆಮೇಲೆ ಒಂದು ಸ್ವರ ತಪ್ಪಿದಾಗ ಕಣ್ಣಿನ ಹತ್ತಿರ ಏನೋ ಬಿಗಿಯುತ್ತದೆ. ಅದನ್ನು ಮುಚ್ಚಿಕೊಳ್ಳುತ್ತಾಳೆ. ಮತ್ತೆ ಪ್ರೀತಿ, ಅದರ ಹಿಂದೆಯೇ ಕನಿಕರ. ಆ ಕನಿಕರ ಬೈಗುಳಕ್ಕಿಂತ ಕೆಟ್ಟದ್ದು ಅಲ್ವಾ? ಒಬ್ಬ ತಾಯಿ ಮತ್ತು ಒಬ್ಬ ಉಸ್ತಾದ್ ಒಂದೇ ಮುಖದಲ್ಲಿ ಜಾಗಕ್ಕಾಗಿ ಗುದ್ದಾಡುತ್ತಿದ್ದಾರೆ.

ಮುಗಿದ ಮೇಲೆ ಇವಾ ಕೇಳುತ್ತಾಳೆ, ಇಷ್ಟ ಆಯ್ತಾ ಅಂತ. ತಾಯಿ, ನೀನು ಇಷ್ಟ ಆದೆ ಅನ್ನುತ್ತಾಳೆ. ಮಗಳಿಗೆ ತಕ್ಷಣ ಗೊತ್ತಾಗುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಬಿಡೋದಿಲ್ಲ ಇವಳು, ನೀನು ನುಡಿಸು, ಹೇಗೆ ನುಡಿಸಬೇಕು ತೋರಿಸು ಅನ್ನುತ್ತಾಳೆ. ಶಾರ್ಲೋಟ್ ಹಿಂದೆಮುಂದೆ ನೋಡುತ್ತಾಳೆ, ಆದರೆ ಕೂತ ಮೇಲೆ ಬೇರೆಯೇ ಮನುಷ್ಯಳಾಗುತ್ತಾಳೆ. ಷೋಪ್ಯಾನ್ ಭಾವುಕ, ಆದರೆ ಅಳುಮುಂಜಿ ಅಲ್ಲ ಅನ್ನುತ್ತಾಳೆ. ನೋವು ಇದೆ, ಆದರೆ ತೋರಿಸಿಕೊಳ್ಳಬಾರದು. ಸ್ವಲ್ಪ ಹೊತ್ತು ಸಮಾಧಾನ ಬರುತ್ತದೆ, ಕೂಡಲೇ ಆವಿಯಾಗುತ್ತದೆ, ನೋವು ಮೊದಲಿನಷ್ಟೇ ಉಳಿಯುತ್ತದೆ. ಕಿವಿಗೆ ಹಿತವಾಗಿಸೋಕೆ ಹೋಗಬಾರದು. 45 ವರ್ಷದಿಂದ ಈ ಪ್ರಿಲ್ಯೂಡ್‌ಗಳ ಜೊತೆ ಒದ್ದಾಡ್ತಿದ್ದೇನೆ ಅನ್ನುತ್ತಾಳೆ.

ಆ ಹೊತ್ತಿನಲ್ಲಿ ಆಕೆ ತನ್ನನ್ನೇ ವಿವರಿಸುತ್ತಿದ್ದಾಳೆ. ಸಂಗೀತದ ಬಗ್ಗೆ ಇಷ್ಟು ಚೆನ್ನಾಗಿ ಬಲ್ಲವಳಿಗೆ ಅದು ಮಾತ್ರ ಗೊತ್ತಾಗುತ್ತಿಲ್ಲ. ಈಗ ಕ್ಯಾಮೆರಾ ಇವಾಳ ಮುಖದ ಕಡೆ ಇದೆ. ಇವಾ ತಾಯಿಯ ಬೆರಳು ನೋಡುತ್ತಿಲ್ಲ. ಕೆನ್ನೆ ನೋಡುತ್ತಿದ್ದಾಳೆ, ತೀರಾ ಹತ್ತಿರದಿಂದ. ಚಿಕ್ಕವಳಿದ್ದಾಗ ಮುಚ್ಚಿದ ಬಾಗಿಲ ಹೊರಗೆ ಕೂತು, ಅಭ್ಯಾಸ ಯಾವಾಗ ಮುಗಿಯುತ್ತೋ ಅಂತ ಕಾದ ಹುಡುಗಿ ಇವಳು. ಈಗ ಕೋಣೆಯೊಳಗೇ ಇದ್ದಾಳೆ, ಒಂದು ಗೇಣು ದೂರದಲ್ಲಿ. ಆದರೂ ಹೊರಗೇ ಇದ್ದಾಳೆ.

ಸಿನಿಮಾದಲ್ಲಿ ನಮಗೆ ಕೇಳುವ ಪಿಯಾನೊವನ್ನು ನಿಜವಾಗಿ ನುಡಿಸಿದವರು ಕೇಬಿ ಲಾರೆಟೈ, ಕಛೇರಿ ಕಲಾವಿದೆ, ಬರ್ಗ್‌ಮನ್ ಅವರ ಮಾಜಿ ಹೆಂಡತಿ. ಫ್ಲ್ಯಾಶ್‌ಬ್ಯಾಕ್‌ನಲ್ಲಿ ಪುಟ್ಟ ಇವಾಳಾಗಿ ಕಾಣೋದು ಲಿನ್ ಉಲ್ಮನ್, ಲಿವ್ ಮತ್ತು ಇಂಗ್ಮಾರ್ ಅವರ ಸ್ವಂತ ಮಗಳು. ಇದನ್ನು ಸುಮ್ನೆ ಕುತೂಹಲಕ್ಕೆ ಹೇಳುತ್ತಿಲ್ಲ. ಬರ್ಗ್‌ಮನ್‌ಗೆ ಒಟ್ಟು ಒಂಬತ್ತು ಮಕ್ಕಳು. ತಾನು ಮಕ್ಕಳ ಜೊತೆ ಇದ್ದ ತಂದೆ ಅಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಕೆಲಸಕ್ಕಾಗಿ ಮನೆ ಮರೆತ ಒಬ್ಬ ಗಂಡಸು, ಕೆಲಸಕ್ಕಾಗಿ ಮನೆ ಮರೆತ ಹೆಂಗಸನ್ನು ತಪ್ಪಿತಸ್ಥೆ ಅಂತ ನಿಲ್ಲಿಸಿದರೆ ಸಿಟ್ಟು ಬಾರದೆ ಇರುತ್ತದಾ? ಸಿನಿಮಾ ಬಂದ ಕಾಲದಿಂದ ಇರುವ ಆಕ್ಷೇಪಣೆ ಇದು. ನಾನು ಅದನ್ನು ತಳ್ಳಿಹಾಕೋದಿಲ್ಲ.

ತಂದೆಯ ಪಾತ್ರವನ್ನೇ ನೋಡಿ. ಎರ್ಲಂಡ್ ಯೂಸೆಫ್ಸನ್ ಅಂಥ ದೊಡ್ಡ ನಟ ಮಾಡಿದ್ದಾರೆ. ಆದರೆ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಸುಮ್ಮನೆ ಕೂತು ನಿಂತು ಮಾಯವಾಗುತ್ತಾರೆ. ಹೆಂಡತಿ ಊರೂರು ತಿರುಗುವಾಗ ಮನೆಯಲ್ಲಿದ್ದದ್ದು ಅವರೇ. ಮಗು ಬಾಗಿಲ ಹೊರಗೆ ಅಳುತ್ತಿದ್ದಾಗ ಅವರೇನು ಮಾಡಿದರು? ಇವಾ ಆ ಪ್ರಶ್ನೆಯನ್ನು ಸರಿಯಾಗಿ ಕೇಳೋದೇ ಇಲ್ಲ. ತಂದೆಗೆ ಕನಿಕರ, ತಾಯಿಗೆ ಕಟಕಟೆ. ಇಲ್ಲಿ ಸಿನಿಮಾ ಎಡವಿದೆ ಅಂತಲೇ ನನ್ನ ಅಭಿಪ್ರಾಯ. ಇದೇ ಮಟ್ಟದ ಇನ್ನೊಂದು ತೊಡಕು, ತಂಗಿ ಹೆಲೆನಾಳ ಕಾಯಿಲೆಗೂ ತಾಯಿಯೇ ಕಾರಣ ಅಂತ ಇವಾ ಹೇಳುವ ಮಾತು. ನರಗಳನ್ನು ತಿನ್ನುವ ರೋಗ ಅದು. ತಾಯಿ ಪ್ರೀತಿಸಲಿಲ್ಲ ಅಂತ ಅಂಥ ರೋಗ ಬರೋದಿಲ್ಲ. ಆದರೆ ಆ ಮಾತು ಇವಾಳದ್ದು, ಸಿನಿಮಾದ್ದಲ್ಲ. ಈ ವ್ಯತ್ಯಾಸ ಮರೆತರೆ ಮುಂದಿನ ಅರ್ಧ ಗಂಟೆ ನಮಗೆ ಕೈ ತಪ್ಪುತ್ತದೆ.

ಆ ರಾತ್ರಿಗೆ ಬರೋಣ. ಶಾರ್ಲೋಟ್ ಮಲಗುವ ಮುಂಚೆ ದುಡ್ಡಿನ ಲೆಕ್ಕ ಹಾಕುತ್ತಾಳೆ. ಮಗಳಿಗೆ ಒಂದು ಕಾರು ಕೊಡಿಸಲೇ ಅಂತ ಯೋಚಿಸುತ್ತಾಳೆ. ಆಮೇಲೆ ತನ್ನ ಹಳೆಯ ಮರ್ಸಿಡಿಸ್ ಅವರಿಗೆ ಕೊಟ್ಟು ತಾನು ಹೊಸದು ತಗೊಳ್ಳೋಣ ಅಂತ ತೀರ್ಮಾನಕ್ಕೆ ಬರುತ್ತಾಳೆ. ಆಕೆಯಲ್ಲಿ ಕೊಡುವ ಮನಸ್ಸು ಇಲ್ಲ ಅಂತಲ್ಲ. ವಸ್ತು ಕೊಡುತ್ತಾಳೆ. ಹೆಲೆನಾಳಿಗೆ ಕೈಗಡಿಯಾರ ಬಿಚ್ಚಿ ಕೊಟ್ಟಿದ್ದೂ ಹಾಗೆಯೇ. ನಿದ್ದೆಯಲ್ಲಿ ಕೆಟ್ಟ ಕನಸು ಬಿದ್ದು ಕಿರುಚಿ ಎದ್ದು ಕೆಳಗೆ ಬರುತ್ತಾಳೆ. ಇವಾ ಬರುತ್ತಾಳೆ. ವೈನ್ ಬರುತ್ತದೆ. ಅಲ್ಲಿಂದ ಕಟ್ಟೆ ಒಡೆಯುತ್ತದೆ.

ಇವಾ ಹೇಳೋದನ್ನು ಗಮನವಿಟ್ಟು ಕೇಳಿ. ತಾಯಿ ದೂರ ಇದ್ದಳು ಅನ್ನೋದು ದೊಡ್ಡ ದೂರು ಅಲ್ಲವೇ ಅಲ್ಲ. ಇವಾ 14 ವರ್ಷದವಳಿದ್ದಾಗ ತಾಯಿ ಮನೆಯಲ್ಲೇ ಉಳಿದಳಲ್ಲ, ಆ ಕಾಲ ಇನ್ನೂ ಭಯಂಕರ ಅನ್ನುತ್ತಾಳೆ. ಬೆನ್ನು ನೋವು, ಕಛೇರಿ ಇಲ್ಲ, ಇದ್ದ ಶಕ್ತಿಯೆಲ್ಲ ಮಗಳ ಮೇಲೆ. ಹಲ್ಲಿಗೆ ತಂತಿ ಹಾಕಿಸಿದಳು, ಕೂದಲು ಕತ್ತರಿಸಿದಳು, ಅರ್ಥವಾಗದ ಪುಸ್ತಕ ಓದಿಸಿದಳು. ಕೆಲಸಕ್ಕೆ ಹೋದ ತಾಯಿ ಕೆಟ್ಟವಳು ಅಂತ ಸಿನಿಮಾ ಹೇಳುತ್ತದೆ ಅನ್ನೋರಿಗೆ ನನ್ನ ಉತ್ತರ ಇಲ್ಲಿದೆ. ಮನೆಯಲ್ಲಿದ್ದರೂ ಅವಳು ಮಗಳ ಮಾತು ಕೇಳಿಸಿಕೊಳ್ಳಲಿಲ್ಲ. ಮುಂದೆ 18ನೇ ವಯಸ್ಸಿನಲ್ಲಿ ಬಸಿರಾದಾಗಲೂ ಮಗಳಿಗೆ ಏನು ಬೇಕು ಅಂತ ಕೇಳಲಿಲ್ಲ, ಗರ್ಭ ತೆಗೆಸಿದಳು. ಕಿವಿಯಿಂದಲೇ ಬದುಕಿದ ಹೆಂಗಸು, ಒಂದು ಸ್ವರ ಜರುಗಿದರೂ ಗೊತ್ತಾಗುವ ಕಿವಿ ಅದು. ಆ ಕಿವಿ ಮನೆಯೊಳಗೆ ಕೆಲಸ ಮಾಡಲಿಲ್ಲ.

ಏಕೆ ಅಂತಲೂ ಆಕೆಯೇ ಹೇಳುತ್ತಾಳೆ. ತನ್ನ ಅಪ್ಪ ಅಮ್ಮ ತನ್ನನ್ನು ಮುಟ್ಟಿದ ನೆನಪೇ ಇಲ್ಲ. ಮುದ್ದು ಮಾಡಲೂ ಇಲ್ಲ, ಹೊಡೆಯಲೂ ಇಲ್ಲ. ಸಂಗೀತದಲ್ಲಿ ಬಿಟ್ಟರೆ ಬೇರೆಲ್ಲೂ ಮನಸ್ಸು ಬಿಚ್ಚೋದು ಗೊತ್ತಾಗಲಿಲ್ಲ. ನಿನ್ನನ್ನು ಕಂಡರೆ ಹೆದರಿಕೆ ಆಗ್ತಿತ್ತು, ನೀನೇ ನನ್ನನ್ನು ನೋಡಿಕೋಬೇಕು ಅನ್ನಿಸ್ತಿತ್ತು ಅನ್ನುತ್ತಾಳೆ. ಬೆನ್ನು ನೋವಿಗೆ ನೆಲದ ಮೇಲೆ ಚಾಚಿ ಮಲಗಿದ್ದಾಳೆ ಆಗ, ಕೈಯಲ್ಲಿ ಸಿಗರೇಟು. ಆ ಮುದುಕಿ ಮುಖ ಒಂದು ಕ್ಷಣ ಮಗುವಿನ ಮುಖ ಆಗುತ್ತದೆ. ಮಗಳು ತಾಯಿಯನ್ನು ಹೆರುತ್ತಾಳೆ ಅಂದೆನಲ್ಲ, ಅದು ಹತ್ತಿರ ಬಂದದ್ದು ಇಲ್ಲಿ. ಇವಾ ಬಗ್ಗಿ ಆ ಮಗುವನ್ನು ಎತ್ತಿಕೊಂಡಿದ್ದರೆ ಆಗಿಬಿಡುತ್ತಿತ್ತು. ಎತ್ತಿಕೊಳ್ಳೋದಿಲ್ಲ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತೇವೆ. ಇವಾ ತಾನು ತಾಯಿಗೆ ತದ್ವಿರುದ್ಧ ಅಂತ ನಂಬಿದ್ದಾಳೆ. ಕನ್ನಡಕ, ಸಾದಾ ಬಟ್ಟೆ, ಚರ್ಚಿನ ಕೆಲಸ, ತಂಗಿಯ ಸೇವೆ. 4 ವರ್ಷ ತುಂಬುವ ಹಿಂದಿನ ದಿನ ನೀರಲ್ಲಿ ಮುಳುಗಿ ಸತ್ತ ಮಗನ ಕೋಣೆಯನ್ನು ಇದ್ದ ಹಾಗೇ ಇಟ್ಟುಕೊಂಡಿದ್ದಾಳೆ. ಅವಳ ದುಃಖ ನಿಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿನಿಮಾದ ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. ಗಂಡ ವಿಕ್ಟರ್ ನೇರ ನಮ್ಮ ಕಡೆ ತಿರುಗಿ ಮಾತಾಡುತ್ತಾನೆ. ಹಿಂದೆ ಇವಾ ಮೇಜಿನ ಮುಂದೆ ಬರೆಯುತ್ತಾ ಕೂತಿದ್ದಾಳೆ. ಅವಳು ಪ್ರೀತಿಗೆ ತಕ್ಕವಳು ಅಂತ ಅವಳು ನಂಬುವ ಹಾಗೆ ಹೇಳಬೇಕು, ಆದರೆ ಆ ಮಾತು ನನಗೆ ಸಿಗುತ್ತಿಲ್ಲ ಅನ್ನುತ್ತಾನೆ. ಆ ಮನೆಯಲ್ಲಿ ಪ್ರೀತಿ ಇಲ್ಲದೆ ಇಲ್ಲ. ಒಬ್ಬ ಮನುಷ್ಯ ಬೆನ್ನ ಹಿಂದೆಯೇ ನಿಂತು ಕೈ ಚಾಚಿದ್ದಾನೆ. ಇವಾ ತಿರುಗಿ ನೋಡೋದಿಲ್ಲ. ಅವಳೂ ಬಾಗಿಲು ಹಾಕಿಕೊಂಡಿದ್ದಾಳೆ, ತಾಯಿಯ ಹಾಗೆಯೇ. ಬಾಗಿಲ ಹೊರಗೆ ಕಾದಿರೋನು ಈ ಸಲ ವಿಕ್ಟರ್.

ಹಾಲ್ವಾರ್ ಬ್ಯೋರ್ಕ್ ಆ ಪಾತ್ರವನ್ನು ಎಷ್ಟು ತಗ್ಗಿದ ದನಿಯಲ್ಲಿ ಮಾಡಿದ್ದಾರೆ ಅಂದರೆ ಎಷ್ಟೋ ಜನಕ್ಕೆ ಅವರಿದ್ದದ್ದೇ ನೆನಪಿರೋದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕು ಅಂತ ಬಂದ ಮಾತು. ನಾವೆಲ್ಲ ತಾಯಿ ಸರಿಯೋ ಮಗಳು ಸರಿಯೋ ಅಂತ ವಾದ ಮಾಡುತ್ತೇವೆ. ಆ ಮನೆಯಲ್ಲಿ ಇನ್ನೊಬ್ಬ ಮಗಳಿದ್ದಾಳೆ. ಹೆಲೆನಾ. ಮೈಯೆಲ್ಲ ಸೆಟೆದುಕೊಂಡಿದೆ, ಮಾತು ತೊದಲು. ತಾಯಿ ಅವಳನ್ನು ಆಶ್ರಮಕ್ಕೆ ಸೇರಿಸಿದ್ದಳು. ಇವಾ ಮನೆಗೆ ಕರೆತಂದು ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದಾಳೆ. ತಾಯಿಗೆ ಈ ವಿಷಯ ಮೊದಲೇ ತಿಳಿಸಿಲ್ಲ. ಬಂದ ಮೇಲೆ ಹೇಳುತ್ತಾಳೆ, ಹೆಲೆನಾ ಇಲ್ಲೇ ಇದ್ದಾಳೆ ಅಂತ. ಶಾರ್ಲೋಟಳ ಮುಖ ಬಿಳಿಚಿಕೊಳ್ಳುತ್ತದೆ. ಆ ಸುದ್ದಿಯನ್ನು ಇವಾ ಬಚ್ಚಿಟ್ಟದ್ದು ಏಕೆ? ಪ್ರೀತಿಗಾ, ಪರೀಕ್ಷೆಗಾ? ತಂಗಿಯನ್ನೇ ಕಲ್ಲು ಮಾಡಿ ತಾಯಿಯ ಕಡೆ ಎಸೆದ ಹಾಗಾಯಿತು ಅಂತ ನನಗೆ ಅನ್ನಿಸುತ್ತದೆ. ಇದನ್ನು ಒಪ್ಪದವರು ಬಹಳ ಜನ ಇದ್ದಾರೆ, ನನಗೆ ಗೊತ್ತು.

ಆ ಪಾತ್ರ ಮಾಡಿದವರು ಲೆನಾ ನೈಮನ್. ಸ್ವೀಡನ್ನಿನ 1967ರ ಒಂದು ಸಿನಿಮಾದಲ್ಲಿ ನಟಿಸಿ, ಅದು ಎಬ್ಬಿಸಿದ ವಿವಾದದಿಂದಲೇ ಲೋಕಕ್ಕೆಲ್ಲ ಪರಿಚಯವಾದ ನಟಿ. ಜನ ಆಕೆಯ ಮೈಯನ್ನು ಮಾತ್ರ ನೋಡಿದ್ದರು. ಇಲ್ಲಿ ಅದೇ ಮೈಯನ್ನು ಸೆಟೆಸಿ, ಅರೆಬರೆ ಶಬ್ದದಲ್ಲಿ, ಬರೀ ಕಣ್ಣಿನಲ್ಲಿ ಪಾತ್ರ ಕಟ್ಟಿದರು. ಮೂವರಲ್ಲಿ ಆಕೆಯ ಅಭಿನಯದ ಬಗ್ಗೆ ಮಾತಾಡಿದ್ದು ತೀರಾ ಕಡಿಮೆ.

ಕೆಳಗಿನ ಕೋಣೆಯಲ್ಲಿ ತಾಯಿ ಮಗಳು, ನನ್ನ ಮಾತು ಯಾರೂ ಕೇಳಲಿಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾರೆ. ಅದೇ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಹೆಲೆನಾಳಿಗೆ ಎಚ್ಚರ ಆಗಿದೆ. ಮಂಚದಿಂದ ಕೆಳಗೆ ಬೀಳುತ್ತಾಳೆ. ನೆಲದ ಮೇಲೆ ಮೊಣಕೈ ಊರಿ ತೆವಳುತ್ತಾಳೆ. ಬಾಗಿಲು ದಾಟಿ ಮೆಟ್ಟಿಲ ಹತ್ತಿರ ಬರುತ್ತಾಳೆ. ಅಲ್ಲಿಂದ ಕೂಗುತ್ತಾಳೆ. ಅಮ್ಮಾ, ಬಾ. ಇಡೀ ಸಿನಿಮಾದಲ್ಲಿ ಅವಳು ಹೇಳುವ ಅತ್ಯಂತ ಸ್ಪಷ್ಟ ಮಾತು ಅದು. ತೊದಲು ಬಿಡಿಸಿ ಹೇಳಲು ಅಕ್ಕ ಬೇಕಿಲ್ಲ.

ಕೆಳಗೆ ಯಾರಿಗೂ ಕೇಳೋದಿಲ್ಲ. ಸಂಗೀತಗಾರ್ತಿಗೂ ಕೇಳೋದಿಲ್ಲ. ಎರಡು ವರ್ಷದಿಂದ ತಂಗಿಯ ಪ್ರತಿ ಶಬ್ದವನ್ನೂ ತಿಳಿದುಕೊಂಡ ಇವಾಳಿಗೂ ಕೇಳೋದಿಲ್ಲ. ನಮಗೆ ಮಾತ್ರ ಕೇಳುತ್ತದೆ.

ಬರ್ಗ್‌ಮನ್ ಇಲ್ಲಿ ತಮ್ಮನ್ನೇ ನಕಲು ಮಾಡಿಕೊಂಡರು ಅನ್ನೋ ಟೀಕೆಯೂ ಇದೆ. ಬರ್ಗ್‌ಮನ್ ಬರ್ಗ್‌ಮನ್ ಥರದ್ದೇ ಸಿನಿಮಾ ಮಾಡಿದ್ದಾರೆ ಅಂತ ಒಬ್ಬ ಫ್ರೆಂಚ್ ವಿಮರ್ಶಕರು ಬರೆದರು. ವಯಸ್ಸಾದ ಮೇಲೆ ಬರ್ಗ್‌ಮನ್ ಆ ಮಾತು ಸರಿ ಅಂತ ಒಪ್ಪಿಕೊಂಡರು. ಮಾತು ಜಾಸ್ತಿ ಆಯಿತು ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ಮೆಟ್ಟಿಲ ಹತ್ತಿರದ ಆ ದೃಶ್ಯಕ್ಕೆ ಈ ಟೀಕೆ ತಾಗೋದಿಲ್ಲ.

ಬೆಳಿಗ್ಗೆ ಶಾರ್ಲೋಟ್ ಹೊರಟು ಹೋಗುತ್ತಾಳೆ. ರೈಲಿನಲ್ಲಿ ತನ್ನ ಏಜೆಂಟ್ ಜೊತೆ ಕೂತು ಹೆಲೆನಾ ಬಗ್ಗೆ, ಅವಳಿಗೆ ಸಾವಾದರೂ ಬರಬಾರದಾ ಅನ್ನುತ್ತಾಳೆ. ಈ ಮಾತಿಗೆ ಆಕೆಯನ್ನು ಕ್ಷಮಿಸದವರು ಬಹಳ. ನನಗೆ ಅಲ್ಲಿ ಕಾಣೋದು ಹೆದರಿಕೆ. ಅದೇ ಹೊತ್ತಿಗೆ ಇವಾ ಮಗನ ಸಮಾಧಿ ಇರುವ ಸ್ಮಶಾನದಲ್ಲಿ ಓಡಾಡುತ್ತಿದ್ದಾಳೆ. ಆಮೇಲೆ ತಾಯಿಗೆ ಮತ್ತೊಂದು ಪತ್ರ ಬರೆಯುತ್ತಾಳೆ, ತಪ್ಪಾಯ್ತು, ಇನ್ನೂ ತಡ ಆಗಿಲ್ಲ ಅಂದುಕೊಂಡಿದ್ದೇನೆ ಅಂತ. ವಿಕ್ಟರ್ ಅದನ್ನು ಓದುತ್ತಾನೆ. ತಾಯಿಯ ಮುಖ ಒಂದು ಸಲ, ಮಗಳ ಮುಖ ಒಂದು ಸಲ. ತಾಯಿ ಅದನ್ನು ನಿಜವಾಗಿ ಓದಿದಳೋ, ಇವಾ ಕಲ್ಪಿಸಿಕೊಂಡಳೋ, ನಮಗೆ ತಿಳಿಯೋದಿಲ್ಲ. ಚರ್ಚೆಯೆಲ್ಲ ಆ ಪತ್ರದ ಸುತ್ತ ನಡೆಯುತ್ತದೆ, ಇವರು ಒಂದಾಗುತ್ತಾರಾ ಇಲ್ಲವಾ ಅಂತ.

ಆದರೆ ಪತ್ರಕ್ಕೆ ಮುಂಚೆ ಒಂದು ಚಿಕ್ಕ ದೃಶ್ಯ ಇದೆ. ಅಮ್ಮ ಹೊರಟು ಹೋದಳು ಅಂತ ವಿಕ್ಟರ್ ಹೆಲೆನಾಳಿಗೆ ತಿಳಿಸುತ್ತಾನೆ. ಅವಳ ಮೈ ಸೆಟೆಯುತ್ತದೆ, ಕಿರುಚಲು ಶುರು ಮಾಡುತ್ತಾಳೆ. ಏನು ಮಾಡಬೇಕೋ ಅವನಿಗೆ ತಿಳಿಯೋದಿಲ್ಲ, ಇವಾಳನ್ನು ಕೂಗುತ್ತಾನೆ. ಇವಾ ಬರೆದ ಪತ್ರ ತಾಯಿಗೆ. ಹೆಲೆನಾಳಿಗೆ ಯಾರೂ ಪತ್ರ ಬರೆದಿಲ್ಲ. ಅವಳು ಅಲ್ಲೇ ಇದ್ದಾಳೆ, ಮೇಲಿನ ಮಹಡಿಯಲ್ಲಿ.